ಪಿಲ್ಟ್‌ಡೌನ್ ಬುರುಡೆ: ಒಂದು ಸುಳ್ಳು 41 ವರ್ಷ ಬಾಳಿದ್ದು ಹೇಗೆ?

ಫೋನಿಗೆ ಬಂದ ಫೋಟೋ ನಿಜವಾದದ್ದೋ, ಕಂಪ್ಯೂಟರ್ ಸೃಷ್ಟಿಸಿದ್ದೋ ಅಂತ ಹೇಳುವುದು ಈಗ ಕಷ್ಟವಾಗಿದೆ. ಮುಖ, ದನಿ, ಕೈಬರಹ ಎಲ್ಲವನ್ನೂ ನಿಮಿಷಗಳಲ್ಲಿ ತಯಾರು ಮಾಡಬಹುದು. ಹಾಗಾಗಿ "ಇದು ಫೇಕ್ ಇರಬಹುದಾ?" ಅನ್ನುವ ಪ್ರಶ್ನೆ ಈಗ ಮನೆಯ ಗ್ರೂಪಿನಲ್ಲಿರುವ ಎಲ್ಲರ ಪ್ರಶ್ನೆ. ಇಂಥ ಹೊತ್ತಲ್ಲಿ ಹಳೆಯ ಹುಸಿ ಪ್ರಕರಣಗಳನ್ನು ಬಿಡಿಸಿ ನೋಡಿದರೆ ತುಂಬಾ ಉಪಯೋಗ ಇದೆ. ಅವು ಹೇಗೆ ಶುರುವಾದವು, ಯಾರು ನಂಬಿದರು, ಯಾಕೆ ನಂಬಿದರು, ಕೊನೆಗೆ ಯಾರು ಯಾವ ಸಲಕರಣೆ ಹಿಡಿದು ಒಡೆದರು ಅನ್ನುವುದೆಲ್ಲ ಚೆನ್ನಾಗಿ ದಾಖಲಾಗಿದೆ.

ಮೋಸ ಹೋದವರ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ. ಅದರಲ್ಲಿ ಪ್ರೊಫೆಸರ್‌ಗಳಿದ್ದಾರೆ, ಸಂಪಾದಕರಿದ್ದಾರೆ, ಹೆಸರಾಂತ ಇತಿಹಾಸಕಾರರಿದ್ದಾರೆ. ಓದಿದವರು, ಬುದ್ಧಿವಂತರು. ಅವರ ಬುದ್ಧಿ ಎಲ್ಲಿ ಕೈಕೊಟ್ಟಿತು ಅನ್ನುವುದನ್ನು ಒಂದೇ ಪ್ರಕರಣ ಹಿಡಿದು ನಿಧಾನವಾಗಿ ನೋಡೋಣ. ಆಮೇಲೆ ಬೇರೆ ಕೆಲವನ್ನು ಬೇಗ ಬೇಗ ನೋಡಿದರೆ ಸಾಕು.

ಕೀಟಲೆ, ವದಂತಿ, ಹುಸಿ: ಯಾವುದು ಯಾವುದು?

ಈ ಮೂರನ್ನೂ ನಾವು ಒಂದೇ ಬುಟ್ಟಿಗೆ ಹಾಕಿಬಿಡುತ್ತೇವೆ. ಆದರೆ ಅವು ಬೇರೆ ಬೇರೆ.

1957ರ ಏಪ್ರಿಲ್ 1ರಂದು ಬಿಬಿಸಿ ಟಿವಿ ಒಂದು ಚಿಕ್ಕ ವರದಿ ಹಾಕಿತು. ಸ್ವಿಟ್ಜರ್‌ಲೆಂಡಿನಲ್ಲಿ ಒಂದು ಕುಟುಂಬ ಮರದಿಂದ ಸ್ಪಾಗೆಟ್ಟಿ ಎಳೆಗಳನ್ನು ಬಿಡಿಸಿ ಬಿಸಿಲಿಗೆ ಒಣಹಾಕುತ್ತಿದೆ ಅಂತ. ಸ್ಪಾಗೆಟ್ಟಿ ಮಾಡುವುದು ಗೋಧಿ ಹಿಟ್ಟಿನಿಂದ, ಮರದಲ್ಲಿ ಬೆಳೆಯುವುದಿಲ್ಲ. ಆದರೆ ಆಗಿನ ಬ್ರಿಟನ್‌ನಲ್ಲಿ ಅದು ಮನೆಮನೆಯ ಊಟ ಆಗಿರಲಿಲ್ಲ. ಹೇಳಿದ ದನಿಯೋ ರಿಚರ್ಡ್ ಡಿಂಬಲ್‌ಬಿ ಅವರದು, ಇಡೀ ದೇಶ ನಂಬುತ್ತಿದ್ದ ದನಿ. ಆ ಗಿಡ ಬೆಳೆಸುವುದು ಹೇಗೆ ಅಂತ ಜನ ಫೋನ್ ಮಾಡಿ ಕೇಳಿದರು. ಇದು ಕೀಟಲೆ. ಒಂದು ದಿನ ನಂಬಿಸಿ, ಮರುದಿನ ಎಲ್ಲರೂ ಒಟ್ಟಿಗೆ ನಗುವುದಕ್ಕೆ ಮಾಡಿದ್ದು.

ವದಂತಿ ಬೇರೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಎಷ್ಟೋ ಮನೆಗಳ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದರು, ನೆನಪಿರಬೇಕು ಅಲ್ವಾ? ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬಾಗಿಲ ಮೇಲಿನ ಬರಹ ಓದಿ ವಾಪಸ್ ಹೋಗುತ್ತದೆ ಅನ್ನುವ ನಂಬಿಕೆ. ಇದನ್ನು ಇಂಥವರೇ ಕುಳಿತು ಕಟ್ಟಿದರು ಅಂತ ಹೇಳಲು ಆಗುವುದಿಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ತಾನೇ ಬೆಳೆದದ್ದು.

ಹುಸಿ, ಅಂದರೆ ಇಂಗ್ಲಿಷಿನವರು ಹೋಕ್ಸ್ ಅನ್ನುವುದು, ಇವೆರಡಕ್ಕಿಂತ ಹೆಚ್ಚು ಶ್ರಮದ ಕೆಲಸ. ಇಲ್ಲಿ ಒಬ್ಬರು ಸುಮ್ನೆ ಸುಳ್ಳು ಹೇಳಿ ಬಿಡುವುದಿಲ್ಲ, ಸುಳ್ಳಿಗೆ ಸಾಕ್ಷಿಯನ್ನೂ ತಯಾರು ಮಾಡುತ್ತಾರೆ. ಕಾಗದ ಬೇಕಾದರೆ ಕಾಗದ, ಫೋಟೋ ಬೇಕಾದರೆ ಫೋಟೋ, ಎಲುಬು ಬೇಕಾದರೆ ಎಲುಬು. ನೋಡಿದವರು "ಕಣ್ಣಾರೆ ಕಂಡೆವು" ಅಂತ ತಾವೇ ಸಾಕ್ಷಿ ಹೇಳುತ್ತಾರೆ. ಅದರಿಂದ ದುಡ್ಡು ಮಾಡಿದರೆ ಅದು ವಂಚನೆಯೂ ಆಗುತ್ತದೆ. ಆದರೆ ಎಷ್ಟೋ ಹುಸಿಗಳ ಹಿಂದೆ ಇದ್ದದ್ದು ದುಡ್ಡಿಗಿಂತ ಹೆಸರಿನ ಆಸೆ.

ಜಲ್ಲಿ ಗುಂಡಿಯಲ್ಲಿ ಸಿಕ್ಕ ಬುರುಡೆ

ಇಂಗ್ಲೆಂಡಿನ ದಕ್ಷಿಣಕ್ಕೆ ಸಸೆಕ್ಸ್ ಅನ್ನುವ ಪ್ರಾಂತ್ಯ. ಅಲ್ಲಿ ಪಿಲ್ಟ್‌ಡೌನ್ ಅನ್ನುವ ಹಳ್ಳಿ. ಚಾರ್ಲ್ಸ್ ಡಾಸನ್ ಆ ಕಡೆಯ ವಕೀಲ. ಪಳೆಯುಳಿಕೆ, ಹಳೆಯ ವಸ್ತು ಹುಡುಕುವುದು ಆತನ ಹವ್ಯಾಸ. 1912ರ ಫೆಬ್ರವರಿಯಲ್ಲಿ ಆತ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಭೂವಿಜ್ಞಾನ ವಿಭಾಗದ ಮುಖ್ಯಸ್ಥ ಆರ್ಥರ್ ಸ್ಮಿತ್ ವುಡ್‌ವರ್ಡ್ ಅವರಿಗೆ ಪತ್ರ ಬರೆದ. ರಸ್ತೆಗೆ ಜಲ್ಲಿ ತೆಗೆಯುವ ಗುಂಡಿಯಲ್ಲಿ ದಪ್ಪನೆಯ ಮನುಷ್ಯ ಬುರುಡೆಯ ಚೂರು ಸಿಕ್ಕಿದೆ ಅಂತ. ಕೂಲಿಯವರು ಅದನ್ನು ತೆಂಗಿನಕಾಯಿ ಅಂದುಕೊಂಡು ಒಡೆದಿದ್ದರು ಅನ್ನುವ ಕಥೆಯೂ ಅದರ ಜೊತೆ ಸೇರಿಕೊಂಡಿತು.

ಆ ಬೇಸಿಗೆಯಲ್ಲಿ ಇಬ್ಬರೂ ಸೇರಿ ಗುಂಡಿ ಅಗೆದರು. ಟೇಲ್‌ಹಾರ್ಡ್ ದ ಶಾರ್ಡನ್ ಅನ್ನುವ ಯುವ ಪಾದ್ರಿಯೂ ಕೆಲವು ದಿನ ಜೊತೆಗಿದ್ದರು. ಬುರುಡೆಯ ಇನ್ನಷ್ಟು ಚೂರು ಸಿಕ್ಕವು. ಕೆಳದವಡೆಯ ಅರ್ಧ ಭಾಗ ಸಿಕ್ಕಿತು, ಅದರಲ್ಲಿ ಎರಡು ದವಡೆ ಹಲ್ಲು. ಹಳೆಯ ಕಾಲದ ಆನೆ, ನೀರುಕುದುರೆಗಳ ಹಲ್ಲು ಸಿಕ್ಕವು, ಕಲ್ಲಿನ ಉಪಕರಣಗಳು ಸಿಕ್ಕವು. ಎಲ್ಲಕ್ಕೂ ಒಂದೇ ಕಂದು ಬಣ್ಣ, ಆ ಗುಂಡಿಯ ಜಲ್ಲಿಯದೇ ಬಣ್ಣ.

1912ರ ಡಿಸೆಂಬರ್ 18ರಂದು ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯಲ್ಲಿ ಇದನ್ನು ಪ್ರಕಟಿಸಿದರು. ಮೇಲೆ ಮನುಷ್ಯನ ಬುರುಡೆ, ಕೆಳಗೆ ವಾನರನ ದವಡೆ, ಎರಡೂ ಒಂದೇ ಜೀವಿಯದು. ಹೆಸರು 'ಇಯೋಆಂತ್ರೋಪಸ್ ಡಾಸನಿ'. ಮನುಷ್ಯ ಕುಲದ ಮೊದಲ ಪೂರ್ವಜರಲ್ಲಿ ಒಬ್ಬ ಇಂಗ್ಲೆಂಡಿನವನು ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಜೋರಾಗಿ ಹರಡಿತು.

ನಂಬುವುದಕ್ಕೆ ಎಲ್ಲವೂ ಸಿದ್ಧವಾಗಿತ್ತು

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಮನುಷ್ಯ ಮತ್ತು ವಾನರರಿಗೆ ಒಬ್ಬನೇ ಪೂರ್ವಜ ಅನ್ನುವುದನ್ನು ಆ ಹೊತ್ತಿಗೆ ವಿಜ್ಞಾನಿಗಳು ಒಪ್ಪಿದ್ದರು. ಹಾಗಾದರೆ ನಡುವಿನ ಹಂತದ ಎಲುಬುಗಳು ಎಲ್ಲಿ? ಜರ್ಮನಿಯಲ್ಲಿ 1856ರಲ್ಲೇ ನಿಯಾಂಡರ್ತಾಲ್ ಅನ್ನುವ ಹಳೆಯ ಕಾಲದ ಮಾನವನ ಎಲುಬು ಸಿಕ್ಕಿತ್ತು. 1907ರಲ್ಲಿ ಹೈಡಲ್‌ಬರ್ಗ್ ಹತ್ತಿರ ಒಂದು ಹಳೆಯ ದವಡೆ ಸಿಕ್ಕಿತ್ತು. ಫ್ರಾನ್ಸಿನ ಗುಹೆಗಳಲ್ಲಂತೂ ಒಂದರ ಮೇಲೊಂದು ಸಿಗುತ್ತಿದ್ದವು. ಇಂಗ್ಲೆಂಡಿನಲ್ಲಿ ಅಂಥದ್ದು ಏನೂ ಇರಲಿಲ್ಲ. ಅಲ್ಲಿನ ವಿಜ್ಞಾನಿಗಳು ಕಾದು ಕೂತಿದ್ದರು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಮನುಷ್ಯ ಮನುಷ್ಯನಾಗುವ ದಾರಿಯಲ್ಲಿ ಮೊದಲು ದೊಡ್ಡದಾದದ್ದು ಮೆದುಳು, ಉಳಿದ ಬದಲಾವಣೆ ಆಮೇಲೆ ಅಂತ ಆಗ ಬ್ರಿಟನ್ನಿನ ಹಲವು ದೊಡ್ಡ ವಿದ್ವಾಂಸರು ನಂಬಿದ್ದರು. ದೊಡ್ಡ ಮೆದುಳು, ವಾನರನ ದವಡೆ. ಪಿಲ್ಟ್‌ಡೌನ್‌ನಲ್ಲಿ ಸಿಕ್ಕಿದ್ದು ಸರಿಯಾಗಿ ಅದೇ. ತಮ್ಮ ಸಿದ್ಧಾಂತಕ್ಕೆ ಹೊಂದುವ ಎಲುಬು ಕೈಗೆ ಬಂದಾಗ ಅದನ್ನು ಅನುಮಾನಿಸುವುದು ಯಾರಿಗೂ ಸುಲಭವಲ್ಲ. ವುಡ್‌ವರ್ಡ್ ಪ್ರಾಮಾಣಿಕ ಮನುಷ್ಯ. ಅವರ ಪರಿಣತಿ ಮೀನಿನ ಪಳೆಯುಳಿಕೆಯಲ್ಲಿತ್ತು, ಮನುಷ್ಯನ ಎಲುಬಿನಲ್ಲಿ ಅಲ್ಲ. ಡಾಸನ್ ವುಡ್‌ವರ್ಡ್‌ಗೆ ಎಷ್ಟೋ ವರ್ಷದ ಪರಿಚಯ.

ಎಲ್ಲರೂ ಒಪ್ಪಿದರು ಅಂತಲ್ಲ. 1913ರಲ್ಲೇ ಲಂಡನ್ನಿನ ಅಂಗರಚನಾ ತಜ್ಞ ಡೇವಿಡ್ ವಾಟರ್‌ಸ್ಟನ್ ಇದು ಮನುಷ್ಯ ಬುರುಡೆ ಮತ್ತು ವಾನರ ದವಡೆ, ಎರಡೂ ಬೇರೆ ಬೇರೆ ಅಂತ ಬರೆದರು. ಎರಡು ವರ್ಷದ ನಂತರ ಅಮೆರಿಕದ ಗೆರಿಟ್ ಮಿಲ್ಲರ್ ಕೂಡ ದವಡೆ ಚಿಂಪಾಂಜಿಯದು ಅಂದರು. ಅವರ ಮಾತು ಸರಿಯಿತ್ತು (ಜಾತಿ ಮಾತ್ರ ತಪ್ಪಿತ್ತು, ಅದು ಒರಾಂಗುಟಾನ್‌ನದು). ಆದರೆ ಬೇಕಂತಲೇ ಯಾರೋ ಮಾಡಿದ್ದಾರೆ ಅನ್ನುವುದು ಅವರಿಗೂ ಹೊಳೆಯಲಿಲ್ಲ. ಎರಡು ಬೇರೆ ಪ್ರಾಣಿಗಳ ಎಲುಬು ಅಕಸ್ಮಾತ್ ಒಂದೇ ಕಡೆ ಸೇರಿರಬೇಕು ಅಂದುಕೊಂಡರು.

ಈ ಹುಸಿ ಮಾಡಿದವನ ಕೈಚಳಕ ಕಾಣುವುದು ಇಲ್ಲೇ. ದವಡೆಯ ಎರಡು ಜಾಗ ಮುರಿದಿತ್ತು. ಒಂದು, ಬುರುಡೆಗೆ ಕೂಡಿಕೊಳ್ಳುವ ಗುಬುಟು. ಅದು ಇದ್ದಿದ್ದರೆ ಬುರುಡೆಗೆ ಇಟ್ಟು ನೋಡಬಹುದಿತ್ತು, ಕೂರುವುದಿಲ್ಲ ಅಂತ ಆಗಲೇ ಗೊತ್ತಾಗುತ್ತಿತ್ತು. ಇನ್ನೊಂದು, ಗಲ್ಲದ ಭಾಗ. ಅದು ಇದ್ದಿದ್ದರೆ ವಾನರನದ್ದೇ ಅಂತ ತಜ್ಞರು ನೋಡಿದ ಕೂಡಲೇ ಹೇಳುತ್ತಿದ್ದರು. ಯಾವ ತುಂಡು ನಿಜ ಹೇಳಬಹುದಿತ್ತೋ ಅದೇ ತುಂಡು ಇರಲಿಲ್ಲ.

ಅನುಮಾನ ಬಂದಾಗಲೆಲ್ಲ ಹೊಸ ಸಾಕ್ಷಿ ಸಿಗುತ್ತಿತ್ತು. ಕೋರೆಹಲ್ಲು ಸಿಕ್ಕಿಲ್ಲವಲ್ಲ ಅಂತ ತಕರಾರು ಬಂತು. ಅದು ಹೇಗಿರಬೇಕು ಅಂತ ವುಡ್‌ವರ್ಡ್ ಮಾದರಿ ಮಾಡಿಸಿದ್ದರು. 1913ರ ಆಗಸ್ಟ್‌ನಲ್ಲಿ ಟೇಲ್‌ಹಾರ್ಡ್‌ಗೆ ಹೆಚ್ಚುಕಡಿಮೆ ಅದೇ ಆಕಾರದ ಕೋರೆಹಲ್ಲು ಜಲ್ಲಿಯಲ್ಲಿ ಸಿಕ್ಕಿತು. 1914ರಲ್ಲಿ ಆನೆಯ ಎಲುಬಿನಿಂದ ಕೆತ್ತಿದ, ಕ್ರಿಕೆಟ್ ಬ್ಯಾಟಿನ ಆಕಾರದ ಒಂದು ಉಪಕರಣ ಸಿಕ್ಕಿತು. 1915ರಲ್ಲಿ, ಬೇರೊಂದು ಜಾಗದಲ್ಲಿ ಇಂಥದ್ದೇ ಎರಡನೇ ಬುರುಡೆಯ ಚೂರು ಮತ್ತು ಹಲ್ಲು ಸಿಕ್ಕಿದೆ ಅಂತ ಡಾಸನ್ ತಿಳಿಸಿದ. ಒಂದು ಕಡೆ ಎರಡು ಪ್ರಾಣಿಯ ಎಲುಬು ಅಕಸ್ಮಾತ್ ಸೇರಬಹುದು, ಎರಡು ಕಡೆಯೂ ಹಾಗೇ ಸೇರಲು ಸಾಧ್ಯವಾ? ಈ ಪ್ರಶ್ನೆ ಬಹಳ ಜನ ಅನುಮಾನಿಗಳ ಬಾಯಿ ಮುಚ್ಚಿಸಿತು. ಆ ಎರಡನೇ ಜಾಗ ನಿಖರವಾಗಿ ಎಲ್ಲಿ ಅನ್ನುವುದನ್ನು ಡಾಸನ್ ಹೇಳಲೇ ಇಲ್ಲ. 1916ರಲ್ಲಿ ತೀರಿಕೊಂಡ. ಆತ ಹೋದ ಮೇಲೆ ವುಡ್‌ವರ್ಡ್ ವರ್ಷಾನುಗಟ್ಟಲೆ ಆ ಗುಂಡಿಯನ್ನು ಕೆದಕಿದರು. ಏನೂ ಸಿಗಲಿಲ್ಲ.

ಬೀಗದ ಒಳಗಿನ ಎಲುಬು, ಕೈಗೆ ಸಿಗುವ ಪ್ಲಾಸ್ಟರ್

ಮೂಲ ಎಲುಬುಗಳು ಮ್ಯೂಸಿಯಂನಲ್ಲಿ ಭದ್ರವಾಗಿದ್ದವು. ಅಧ್ಯಯನ ಮಾಡಲು ಬಂದವರಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಪ್ಲಾಸ್ಟರ್ ಅಚ್ಚು. ಮೂಲವನ್ನು ಸ್ವಲ್ಪ ಹೊತ್ತು ತೋರಿಸಿ ಎತ್ತಿಟ್ಟು, ಕೆಲಸಕ್ಕೆ ಅಚ್ಚು ಕೊಡುತ್ತಿದ್ದರು ಅಂತ ಆಫ್ರಿಕಾದ ಪಳೆಯುಳಿಕೆಗಳಿಂದ ಮುಂದೆ ಪ್ರಸಿದ್ಧರಾದ ಲೂಯಿ ಲೀಕಿ ಹೇಳಿಕೊಂಡಿದ್ದಾರೆ. ಇದರಲ್ಲಿ ಸಂಚೇನೂ ಇರಲಿಲ್ಲ. ಅಮೂಲ್ಯ ವಸ್ತು ಹಾಳಾಗದಿರಲಿ ಅನ್ನುವ ಕಾಳಜಿ ಅಷ್ಟೇ. ಆದರೆ ಪರಿಣಾಮ ಕೆಟ್ಟದಾಯಿತು. ಅಚ್ಚಿನಲ್ಲಿ ಆಕಾರ ಬರುತ್ತದೆ. ಬಣ್ಣದ ಲೇಪ ಬರುವುದಿಲ್ಲ, ಅರದಿಂದ ಉಜ್ಜಿದ ಸಣ್ಣ ಗೀರು ಕಾಣುವುದಿಲ್ಲ, ಕೊರೆದು ಒಳಗೆ ಏನಿದೆ ಅಂತ ನೋಡಲು ಆಗುವುದಿಲ್ಲ. ಪಿಲ್ಟ್‌ಡೌನ್ ಬಗ್ಗೆ ನೂರಾರು ಲೇಖನ ಬಂದವು. ಅದನ್ನು ಬರೆದವರಲ್ಲಿ ಹೆಚ್ಚಿನವರು ಮೂಲವನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ.

ನಡುವೆ ಬಲಿಯಾದ ಒಂದು ನಿಜ

ಹುಸಿಯಿಂದ ಏನು ನಷ್ಟ, ಎಲುಬು ತಾನೇ, ಅನ್ನಿಸಬಹುದು. ನನಗೆ ಈ ಕಥೆಯಲ್ಲಿ ತುಂಬಾ ನೋವು ಕೊಡುವ ಭಾಗ ಇದು.

1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಅನ್ನುವಲ್ಲಿ ಸುಣ್ಣಕಲ್ಲಿನ ಗಣಿಯಿಂದ ಒಂದು ಪುಟ್ಟ ಬುರುಡೆ ಸಿಕ್ಕಿತು. ಜೋಹಾನ್ಸ್‌ಬರ್ಗ್‌ನಲ್ಲಿ ಪಾಠ ಮಾಡುತ್ತಿದ್ದ ರೇಮಂಡ್ ಡಾರ್ಟ್ ಕಲ್ಲನ್ನು ಬಿಡಿಸಿ ಬಿಡಿಸಿ ಮುಖವನ್ನು ಹೊರಗೆ ತಂದರು. ಅದು ಒಂದು ಮಗುವಿನದು. ಮೆದುಳು ಚಿಕ್ಕದು, ವಾನರನಷ್ಟೇ. ಆದರೆ ಹಲ್ಲು ಮನುಷ್ಯನ ಕಡೆಗೆ ವಾಲಿದೆ, ಬೆನ್ನುಹುರಿ ಹೊರಗೆ ಬರುವ ರಂಧ್ರ ಬುರುಡೆಯ ಕೆಳಗೆ ಇದೆ. ಅಂದರೆ ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿದ್ದ ಜೀವಿ. ಪಿಲ್ಟ್‌ಡೌನ್‌ಗೆ ಪೂರ್ತಿ ತಿರುವುಮುರುವು.

1925ರ ಫೆಬ್ರವರಿಯಲ್ಲಿ ಡಾರ್ಟ್ ಇದನ್ನು ಪ್ರಕಟಿಸಿದಾಗ ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಅದೊಂದು ಹಳೆಯ ವಾನರ ಅಷ್ಟೇ ಅಂದರು. ಅವರು ಒಪ್ಪದಿರಲು ಬೇರೆ ಕಾರಣಗಳೂ ಇದ್ದವು. ಮಗುವಿನ ಬುರುಡೆ ನೋಡಿ ತೀರ್ಮಾನಿಸುವುದು ಕಷ್ಟ, ಮನುಷ್ಯ ಹುಟ್ಟಿದ್ದು ಏಷ್ಯಾದಲ್ಲಿ ಅಂತ ಹಲವರು ನಂಬಿದ್ದರು. ಆದರೆ ಮ್ಯೂಸಿಯಂನಲ್ಲಿ ಆಗಲೇ ಕೂತಿದ್ದ ಆ ಸುಳ್ಳು ಪೂರ್ವಜ ದಾರಿಗೆ ಅಡ್ಡ ಬಂದದ್ದು ಸತ್ಯ. ದಕ್ಷಿಣ ಆಫ್ರಿಕಾದಲ್ಲಿ ಇನ್ನಷ್ಟು ಬುರುಡೆಗಳು ಸಿಕ್ಕ ಮೇಲೆ, 1947ರಲ್ಲಿ, ಹಾಗೆ ಒಪ್ಪದವರಲ್ಲಿ ಒಬ್ಬರಾಗಿದ್ದ ಅಂಗರಚನಾ ತಜ್ಞ ಆರ್ಥರ್ ಕೀತ್, ಡಾರ್ಟ್ ಹೇಳಿದ್ದೇ ಸರಿ ಅಂತ ಬರೆದು ಒಪ್ಪಿಕೊಂಡರು. ಇದೇ ಕೀತ್ 1938ರಲ್ಲಿ ಪಿಲ್ಟ್‌ಡೌನ್‌ನಲ್ಲಿ ಡಾಸನ್ ನೆನಪಿನ ಸ್ಮಾರಕ ಕಲ್ಲನ್ನು ಅನಾವರಣ ಮಾಡಿದವರು. ಸರಿಯಾದ ಮಾತು ಹೇಳಿದ ಒಬ್ಬ ವಿಜ್ಞಾನಿ 20 ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು.

ಅರದ ಗೀರು, ಸುಟ್ಟ ವಾಸನೆ

ಸುಳ್ಳು ಒಡೆದದ್ದು ಎರಡು ಹಂತದಲ್ಲಿ.

ಮೊದಲನೆಯದು 1949ರಲ್ಲಿ. ಕೆನ್ನೆತ್ ಓಕ್ಲಿ ಅನ್ನುವ ವಿಜ್ಞಾನಿ ಫ್ಲೋರಿನ್ ಪರೀಕ್ಷೆ ಮಾಡಿದರು. ಫ್ಲೋರಿನ್ ನೆಲದ ನೀರಿನಲ್ಲಿ ಸ್ವಲ್ಪ ಸ್ವಲ್ಪ ಇರುತ್ತದೆ. ಮಣ್ಣಿನಲ್ಲಿ ಹೂತ ಎಲುಬು ಅದನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಇದ್ದ ಹಾಗೆ, ಭರಣಿಯಲ್ಲಿ ಎಷ್ಟು ದಿನ ಇತ್ತೋ ಅಷ್ಟು ಉಪ್ಪು ಒಳಗೆ ಇಳಿದಿರುತ್ತದೆ. ಒಂದೇ ಗುಂಡಿಯಲ್ಲಿ ಒಟ್ಟಿಗೆ ಹೂತಿದ್ದ ಎಲುಬುಗಳಲ್ಲಿ ಫ್ಲೋರಿನ್ ಕೂಡ ಹೆಚ್ಚುಕಡಿಮೆ ಒಂದೇ ಇರಬೇಕು. ಪಿಲ್ಟ್‌ಡೌನ್ ಬುರುಡೆ, ದವಡೆ ಎರಡರಲ್ಲೂ ಇದ್ದದ್ದು ತೀರಾ ಕಡಿಮೆ. ಲಕ್ಷಾಂತರ ವರ್ಷ ಹಳೆಯದು ಅಂದುಕೊಂಡದ್ದು ಹೆಚ್ಚೆಂದರೆ 50,000 ವರ್ಷದ್ದು ಅಂತಾಯಿತು. ಇದರಿಂದ ಗೊಂದಲ ಇನ್ನೂ ಜಾಸ್ತಿಯಾಯಿತು. ಅಷ್ಟು ಇತ್ತೀಚೆಗೆ ಇಂಗ್ಲೆಂಡಿನಲ್ಲಿ ವಾನರ ದವಡೆಯ ಮನುಷ್ಯ ಹೇಗೆ ಬದುಕಿದ್ದ?

1953ರಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿ ಜೋಸೆಫ್ ವೀನರ್ ಈ ಪ್ರಶ್ನೆ ಹಿಡಿದು ರಾತ್ರಿ ಯೋಚಿಸುತ್ತಾ ಕೂತರು. ಒಂದೇ ಜೀವಿ ಅಂದರೆ ಅರ್ಥವಾಗುವುದಿಲ್ಲ. ಅಕಸ್ಮಾತ್ ಸೇರಿದ ಎರಡು ಜೀವಿ ಅಂದರೂ ಅರ್ಥವಾಗುವುದಿಲ್ಲ, ಯಾಕೆಂದರೆ ಹಲ್ಲಿನ ಸವೆತ ಮನುಷ್ಯನ ಹಲ್ಲಿನಂತೆ ಚಪ್ಪಟೆ ಇದೆ, ಯಾವ ವಾನರನ ಹಲ್ಲೂ ಹಾಗೆ ಸವೆಯುವುದಿಲ್ಲ. ಉಳಿದದ್ದು ಒಂದೇ ಉತ್ತರ: ಯಾರೋ ಮಾಡಿದ್ದಾರೆ. ವೀನರ್ ಒಂದು ಚಿಂಪಾಂಜಿ ಹಲ್ಲು ತಂದು, ಅರ ಹಾಕಿ ಉಜ್ಜಿ, ಬಣ್ಣ ಹಚ್ಚಿ ನೋಡಿದರು. ಪಿಲ್ಟ್‌ಡೌನ್ ಹಲ್ಲಿನಂತೆಯೇ ಕಂಡಿತು.

ಆಮೇಲೆ ಓಕ್ಲಿ ಮತ್ತು ವಿಲ್ಫ್ರಿಡ್ ಲೆ ಗ್ರೋಸ್ ಕ್ಲಾರ್ಕ್ ಜೊತೆ ಸೇರಿ ಮೂಲ ಎಲುಬುಗಳನ್ನೇ ಕೈಗೆ ತೆಗೆದುಕೊಂಡರು. ಸೂಕ್ಷ್ಮದರ್ಶಕದ ಕೆಳಗೆ ಹಲ್ಲಿನ ಮೇಲೆ ಅಡ್ಡಾದಿಡ್ಡಿ ಗೀರುಗಳು ಕಂಡವು, ಅರ ಎಳೆದ ಗೀರುಗಳು. ಅಕ್ಕಪಕ್ಕದ ಎರಡು ಹಲ್ಲುಗಳ ಸವೆತ ಒಂದೇ ಮಟ್ಟದಲ್ಲಿರಲಿಲ್ಲ. ಒಂದು ಒಂದು ಕಡೆಗೆ ಓರೆ, ಇನ್ನೊಂದು ಇನ್ನೊಂದು ಕಡೆಗೆ. ಆಹಾರ ಅಗಿದು ಸವೆದ ಹಲ್ಲು ಹಾಗೆ ಆಗುವುದಿಲ್ಲ. ದವಡೆಯನ್ನು ಕೊರೆದಾಗ ಸುಟ್ಟ ಕೊಂಬಿನಂಥ ವಾಸನೆ ಬಂತು. ಅಂದರೆ ಅದರೊಳಗೆ ಹಸಿ ಎಲುಬಿನ ಸತ್ವ ಇನ್ನೂ ಇತ್ತು. ಕಂದು ಬಣ್ಣ ಮೇಲೆ ಮಾತ್ರ, ಒಳಗೆ ಬಿಳಿ. ಕೋರೆಹಲ್ಲಿಗೆ ಬಳಿದದ್ದು ಕಲಾವಿದರು ಬಳಸುವ ಕಂದು ಪೇಂಟ್. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲುಗಳಲ್ಲಿ ಒಂದು ಬಹುಶಃ ಟ್ಯುನೀಷಿಯಾದಿಂದ ಬಂದದ್ದು.

1953ರ ನವೆಂಬರ್‌ನಲ್ಲಿ ಇದೆಲ್ಲ ಪ್ರಕಟವಾಯಿತು. ಡಿಸೆಂಬರ್ 1912ರಿಂದ ಎಣಿಸಿದರೆ 41 ವರ್ಷ. ವುಡ್‌ವರ್ಡ್ ಅದಕ್ಕೂ ಮೊದಲೇ ತೀರಿಕೊಂಡಿದ್ದರು. 1959ರ ಕಾರ್ಬನ್ ಪರೀಕ್ಷೆಯಲ್ಲಿ ಬುರುಡೆ, ದವಡೆ ಎರಡೂ ಕೆಲವೇ ನೂರು ವರ್ಷದವು ಅಂತ ಗೊತ್ತಾಯಿತು.

ಯಾರ ಕೆಲಸ?

ಅನುಮಾನ ಬಹಳ ಜನರ ಮೇಲೆ ಹೋಯಿತು. ಟೇಲ್‌ಹಾರ್ಡ್ ಮೇಲೆ, ಹತ್ತಿರದಲ್ಲೇ ವಾಸವಿದ್ದ ಲೇಖಕ ಆರ್ಥರ್ ಕಾನನ್ ಡಾಯ್ಲ್ ಮೇಲೆ, ಮ್ಯೂಸಿಯಂನ ಮಾರ್ಟಿನ್ ಹಿಂಟನ್ ಮೇಲೆ. ಹಿಂಟನ್ ಅವರದು ಅಂತ ಹೇಳುವ ಒಂದು ಪೆಟ್ಟಿಗೆಯಲ್ಲಿ ಬಣ್ಣ ಹಚ್ಚಿದ ಎಲುಬುಗಳೂ ಸಿಕ್ಕಿದ್ದವು.

2016ರಲ್ಲಿ ಇಸಬೆಲ್ ಡಿ ಗ್ರೂಟ್ ಅವರ ತಂಡ ಡಿಎನ್ಎ ಮತ್ತು ಸ್ಕ್ಯಾನ್ ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿತು. ಮೊದಲ ಜಾಗದ ದವಡೆ, ಎರಡನೇ ಜಾಗದ ಹಲ್ಲು ಎರಡೂ ಬಹುತೇಕ ಒಂದೇ ಒರಾಂಗುಟಾನ್‌ನವು. ಎಲುಬಿನ ಟೊಳ್ಳಿಗೆ ಸಣ್ಣ ಜಲ್ಲಿ ತುಂಬಿ, ಬಾಯಿಗೆ ಪುಟ್ಟಿಯಂಥ ಅಂಟು ಮೆತ್ತಿದ್ದರು, ಭಾರ ಬರಲಿ ಅಂತ. ಎಲ್ಲದರಲ್ಲೂ ಅದೇ ಪುಟ್ಟಿ, ಅದೇ ಕೆಲಸದ ಶೈಲಿ. ಅಂದರೆ ಮಾಡಿದ್ದು ಬಹುಶಃ ಒಬ್ಬನೇ. ಆ ಎರಡನೇ ಜಾಗಕ್ಕೆ ಸಂಬಂಧವಿದ್ದದ್ದು ಡಾಸನ್ ಒಬ್ಬನಿಗೆ. ಅದಕ್ಕೂ ಮೊದಲೇ ಮೈಲ್ಸ್ ರಸೆಲ್ ಅನ್ನುವ ಪುರಾತತ್ವಜ್ಞ ಡಾಸನ್ ಸಂಗ್ರಹದ ಬೇರೆ ವಸ್ತುಗಳನ್ನು ಪರಿಶೀಲಿಸಿ, ಅದರಲ್ಲಿ 38 ವಸ್ತುಗಳು ನಕಲಿ ಅಂತ ತೋರಿಸಿದ್ದರು. ಡಾಸನ್ ಒಪ್ಪಿಕೊಂಡದ್ದಿಲ್ಲ, ಆದರೆ ಸಾಕ್ಷಿಗಳೆಲ್ಲ ಆತನ ಕಡೆಗೇ ತೋರಿಸುತ್ತವೆ.

ಬೇರೆ ಹುಸಿಗಳಲ್ಲೂ ಇದೇ ಜಾಡು

ಪಿಲ್ಟ್‌ಡೌನ್‌ನಲ್ಲಿ ಎರಡು ವಿಷಯ ಕಂಡೆವು. ಜನ ಆಗಲೇ ಕಾಯುತ್ತಿದ್ದದ್ದನ್ನೇ ಹುಸಿ ತಂದುಕೊಡುತ್ತದೆ. ಮೂಲ ಕೈಗೆ ಸಿಗದಷ್ಟು ದಿನ ಅದು ಬಾಳುತ್ತದೆ. ಈ ಎರಡನ್ನು ಹಿಡಿದು ಬೇರೆ ಕಡೆ ನೋಡಿ.

1835ರ ಆಗಸ್ಟ್ 25ರಿಂದ ನ್ಯೂಯಾರ್ಕಿನ 'ಸನ್' ಪತ್ರಿಕೆ ಆರು ಕಂತಿನಲ್ಲಿ ಚಂದ್ರನ ಸುದ್ದಿ ಬರೆಯಿತು. ಜಾನ್ ಹರ್ಷೆಲ್ ಅನ್ನುವ ಖಗೋಳ ವಿಜ್ಞಾನಿ ದೊಡ್ಡ ದೂರದರ್ಶಕದಲ್ಲಿ ಚಂದ್ರನ ಮೇಲೆ ಕಾಡು, ಎರಡು ಕಾಲಲ್ಲಿ ನಡೆಯುವ ಬೀವರ್ ಅನ್ನುವ ಪ್ರಾಣಿ, ಬಾವಲಿಯಂಥ ರೆಕ್ಕೆಯ ಮನುಷ್ಯರನ್ನು ಕಂಡಿದ್ದಾರೆ ಅಂತ. ಹರ್ಷೆಲ್ ನಿಜವಾದ ವ್ಯಕ್ತಿ, ಆಗ ನಿಜವಾಗಿಯೂ ದಕ್ಷಿಣ ಆಫ್ರಿಕಾದಲ್ಲಿ ಆಕಾಶ ನೋಡುತ್ತಿದ್ದರು. ಅಲ್ಲಿಗೆ ಹಡಗಿನಲ್ಲಿ ಪತ್ರ ಹೋಗಿ ಬರಲು ತಿಂಗಳುಗಳು ಬೇಕು. ಸುದ್ದಿಯ ಮೂಲ ಅಂತ ಹೇಳಿದ ಎಡಿನ್‌ಬರೋದ ವಿಜ್ಞಾನ ಪತ್ರಿಕೆ ಆಗಲೇ ನಿಂತುಹೋಗಿತ್ತು. ಬರೆದದ್ದು ರಿಚರ್ಡ್ ಆಡಮ್ಸ್ ಲಾಕ್ ಅನ್ನುವ ಪತ್ರಕರ್ತ.

1917ರಲ್ಲಿ ಯಾರ್ಕ್‌ಷೈರ್‌ನ ಕಾಟಿಂಗ್ಲಿಯಲ್ಲಿ ಇಬ್ಬರು ಹುಡುಗಿಯರು ತೋಟದಲ್ಲಿ ಪುಟ್ಟ ಯಕ್ಷಿಣಿಯರ ಫೋಟೋ ತೆಗೆದರು. ಕಾಗದದಲ್ಲಿ ಕತ್ತರಿಸಿದ ಚಿತ್ರ, ಅದನ್ನು ನಿಲ್ಲಿಸಲು ಟೋಪಿಯ ಪಿನ್ನು, ಅಷ್ಟೇ. ಕಾನನ್ ಡಾಯ್ಲ್ 1920ರಲ್ಲಿ ಇದನ್ನು ನಿಜ ಅಂತ ಬರೆದರು. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಜನ ಸತ್ತ ಕಾಲ ಅದು. ಡಾಯ್ಲ್ ಮಗನನ್ನೂ ತಮ್ಮನನ್ನೂ ಕಳೆದುಕೊಂಡಿದ್ದರು. ಕಣ್ಣಿಗೆ ಕಾಣದ ಲೋಕವೊಂದಿದೆ ಅನ್ನುವ ನಂಬಿಕೆ ಅವರಿಗೆ ಬೇಕಿತ್ತು. ಆ ಹುಡುಗಿಯರು ಚಿತ್ರ ಕತ್ತರಿಸಿದ್ದನ್ನು ಒಪ್ಪಿಕೊಂಡದ್ದು 1980ರ ದಶಕದಲ್ಲಿ, ಮುದುಕಿಯರಾದ ಮೇಲೆ. ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಮನೆಯವರಿಗೆ ಮಾಡಿದ ಕೀಟಲೆ ಅವರ ಕೈಮೀರಿ ದೊಡ್ಡದಾಯಿತು.

1983ರ ಏಪ್ರಿಲ್‌ನಲ್ಲಿ ಜರ್ಮನಿಯ 'ಸ್ಟರ್ನ್' ಪತ್ರಿಕೆ ಹಿಟ್ಲರನ ಡೈರಿಗಳು ಸಿಕ್ಕಿವೆ ಅಂತ ಘೋಷಿಸಿತು. 93 ಲಕ್ಷ ಮಾರ್ಕ್ ಕೊಟ್ಟಿದ್ದರು. ಕೈಬರಹ ಪರೀಕ್ಷೆಯಲ್ಲಿ ಡೈರಿ ಪಾಸಾಗಿತ್ತು, ಆದರೆ ಹೋಲಿಸಲು ಕೊಟ್ಟಿದ್ದ 'ಅಸಲಿ' ಬರಹಗಳಲ್ಲೂ ಕೆಲವು ಅದೇ ನಕಲಿಗಾರ ಕೊನ್ರಾಡ್ ಕುಯಾವ್ ಬರೆದದ್ದು. ಡೈರಿಗಳು ಜರ್ಮನ್ ಸರ್ಕಾರದ ಪತ್ರಾಗಾರಕ್ಕೆ ಹೋಗಿ ಕಾಗದದ ಪರೀಕ್ಷೆಯಾದ ಕೂಡಲೇ ಕಥೆ ಮುಗಿಯಿತು. ಕಾಗದಕ್ಕೆ ಬಿಳುಪು ಬರಲು ಹಾಕಿದ್ದ ರಾಸಾಯನಿಕ ಯುದ್ಧದ ನಂತರದ ಕಾಲದ್ದು. ಘೋಷಣೆಯಿಂದ ಬಯಲಾಗುವವರೆಗೆ ಆದದ್ದು ಸುಮಾರು ಎರಡು ವಾರ ಅಷ್ಟೇ.

ನಮ್ಮ ದೇಶದ ಪ್ರಕರಣವೂ ಒಂದಿದೆ. 1989ರಲ್ಲಿ ಆಸ್ಟ್ರೇಲಿಯಾದ ಪಳೆಯುಳಿಕೆ ತಜ್ಞ ಜಾನ್ ಟ್ಯಾಲೆಂಟ್ 'ನೇಚರ್' ಪತ್ರಿಕೆಯಲ್ಲಿ ಒಂದು ಗಂಭೀರ ಆರೋಪ ಮಾಡಿದರು. ಪಂಜಾಬ್ ವಿಶ್ವವಿದ್ಯಾಲಯದ ವಿಶ್ವಜಿತ್ ಗುಪ್ತಾ ಹಿಮಾಲಯದಲ್ಲಿ ಸಿಕ್ಕವು ಅಂತ ವರ್ಷಗಟ್ಟಲೆ ಬರೆದ ಪಳೆಯುಳಿಕೆಗಳು ಮೊರಾಕ್ಕೊ, ನ್ಯೂಯಾರ್ಕ್‌ನಂಥ ಕಡೆಯವನ್ನು ಹೋಲುತ್ತವೆ ಅಂತ. ಹಿಮಾಲಯದ ಆ ಜಾಗಗಳಿಗೆ ಹೋಗಿ ಪರೀಕ್ಷಿಸುವುದು ಸುಲಭವಿರಲಿಲ್ಲ. ಆ ವರದಿಗಳನ್ನು ನಂಬಿ ಹಿಮಾಲಯದ ಭೂವಿಜ್ಞಾನದ ಬಗ್ಗೆ ಬರೆದವರೆಲ್ಲ ತಮ್ಮ ಕೆಲಸವನ್ನು ಮತ್ತೆ ನೋಡಿಕೊಳ್ಳಬೇಕಾಯಿತು.

ಕೊನೆಯ ಕೆಲವು ಸೆಕೆಂಡ್ ಕತ್ತರಿಸಿದ ವಿಡಿಯೋ

ಫೋನಿನ ಕಾಲದಲ್ಲಿ ಹುಸಿ ಮಾಡಲು ಎಲುಬು ಉಜ್ಜಬೇಕಿಲ್ಲ. ನಿಜವಾದದ್ದನ್ನೇ ಒಂದು ತುಂಡು ಕತ್ತರಿಸಿದರೆ ಸಾಕು.

2018ರಲ್ಲಿ ಮಕ್ಕಳ ಕಳ್ಳರ ವಿಡಿಯೋ ಒಂದು ಭಾರತದ ತುಂಬಾ ಓಡಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಚಿತ್ರ. ಮೂಲದ ಕೊನೆಯಲ್ಲಿ ಅವರು ಮಗುವನ್ನು ವಾಪಸ್ ಬಿಟ್ಟು, ಜಾಗೃತಿಯ ಬರಹ ತೋರಿಸುತ್ತಾರೆ. ಹರಡಿದ ವಿಡಿಯೋದಲ್ಲಿ ಆ ಭಾಗವನ್ನು ತೆಗೆದುಹಾಕಿದ್ದರು. ನಮ್ಮೂರಲ್ಲೇ ಆದದ್ದು ಅನ್ನುವ ಮಾತು ಸೇರಿಸಿ, ಊರಿಂದ ಊರಿಗೆ ಕಳಿಸಿದರು. ತಾಯಿ ತಂದೆಯರ ಭಯ ಆಗಲೇ ಸಿದ್ಧವಾಗಿತ್ತು.

ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಕಾರಿನಲ್ಲಿ ಬರುತ್ತಿದ್ದಾರೆ ಅಂತ ಮುಂದಿನ ಊರಿಗೆ ವಾಟ್ಸಾಪ್‌ನಲ್ಲಿ ಸುದ್ದಿ ಹೋಯಿತು, ಅಲ್ಲಿ ದಾರಿಗೆ ಅಡ್ಡ ಹಾಕಿದರು. ಪಿಲ್ಟ್‌ಡೌನ್ ಸುಳ್ಳಿಗೆ 41 ವರ್ಷ ಸಮಯವಿತ್ತು. ಇಲ್ಲಿ ಜೀವ ಹೋಗಲು ಒಂದು ಸಂಜೆ ಸಾಕಾಯಿತು.

ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹೇಳಿತು. 2020ರಿಂದ, ತುಂಬಾ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಬರುತ್ತದೆ. ಅದು ಕಂಡರೆ, ಈ ಸಂದೇಶ ನಿಮಗೆ ಕಳಿಸಿದವರು ಬರೆದದ್ದಲ್ಲ ಅಂತ ಅರ್ಥ.

ಮೂಲಕ್ಕೆ ಹೋಗುವುದು ಈಗ ವೀನರ್ ಕಾಲದಷ್ಟು ಕಷ್ಟವಲ್ಲ. ಫೋಟೋ ಆದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ, ಅದು ಮೊದಲು ಯಾವ ವರ್ಷ, ಯಾವ ಊರಿನ ಹೆಸರಲ್ಲಿ ಬಂದಿತ್ತು ಅಂತ ನೋಡಬಹುದು. ವಿಡಿಯೋ ಆದರೆ ಅದರ ಒಂದು ಫ್ರೇಮನ್ನು ಸ್ಕ್ರೀನ್‌ಶಾಟ್ ತೆಗೆದು ಹೀಗೇ ಹುಡುಕಬಹುದು, ಎಷ್ಟೋ ಸಲ ಪೂರ್ತಿ ವಿಡಿಯೋ ಸಿಗುತ್ತದೆ. ಒಂದು ಸಂಸ್ಥೆಯ ಹೆಸರು ಹೇಳಿದ್ದರೆ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿ. ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿದೆ ಅನ್ನುವ ಸಂದೇಶ ವರ್ಷಗಳಿಂದ ಸುತ್ತುತ್ತಿದೆ, ಯುನೆಸ್ಕೋ ಅಂಥ ಘೋಷಣೆ ಮಾಡಿಯೇ ಇಲ್ಲ. ಕೇಂದ್ರ ಸರ್ಕಾರದ ಯೋಜನೆ, ನೋಟು, ನೇಮಕಾತಿ ಬಗ್ಗೆ ಬಂದ ಸಂದೇಶವಾದರೆ ಸರ್ಕಾರದ ಪತ್ರಿಕಾ ಮಾಹಿತಿ ಸಂಸ್ಥೆಯಾದ ಪಿಐಬಿಯ ಫ್ಯಾಕ್ಟ್ ಚೆಕ್ ವಿಭಾಗಕ್ಕೆ ವಾಟ್ಸಾಪ್‌ನಲ್ಲೇ ಕಳಿಸಿ ಕೇಳಬಹುದು.